ಅಮ್ಮ ಓದಲು ಹೋದ ವರ್ಷ

ಸೆಪ್ಟೆಂಬರ್ 9

ಪ್ರೀತಿಯ ಚೂಟಿ,

ನೀನು ಫೋನ್ ಎತ್ತುವುದಿಲ್ಲ. ನಿಮ್ಮಪ್ಪನ ಫೋನಿಗೆ ಮಾಡಿದರೆ "ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾರೆ. ನಾನು ಈ ಪರದೇಶಕ್ಕೆ ಬಂದಮೇಲೆ ನೀನು ಮಾಡಿರುವ ಸ್ನಾನಗಳಿಗೆ ಮೈಯ ಚರ್ಮವೇ ಸವೆದು ಹೋಗಿರಬೇಕು. ಮಾತಾಡದಿದ್ದರೆ ಬೇಡ. ಹರಿದು ಬಿಸಾಡುವ ಮುಂಚೆ ಕಾಗದವನ್ನಾದರೂ ಒಮ್ಮೆ ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಕೋಣೆ ಸಿಕ್ಕಿದೆ. ಮೂರನೇ ಮಹಡಿ. ಕಿಟಕಿ ತೆಗೆದರೆ ಕಾರು ನಿಲ್ಲಿಸುವ ಬಯಲು. ಅಡುಗೆಮನೆ, ಬಚ್ಚಲು ಇನ್ನೊಬ್ಬಳ ಜೊತೆ ಹಂಚಿಕೊಳ್ಳಬೇಕು. ಅವಳಿಗೆ ನಿನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಬೇರೊಂದು ದೇಶದವಳು. ಫ್ರಿಜ್ಜಿನಲ್ಲಿ ತನ್ನ ಹಾಲಿನ ಡಬ್ಬಕ್ಕೂ ಹೆಸರು ಬರೆದು ಅಂಟಿಸಿದ್ದಾಳೆ. ನಾನೇನು ಕದ್ದು ಕುಡಿಯುವ ಬೆಕ್ಕೇ?

ಮೊದಲ ದಿನವೇ ಸಿಟ್ಟು ನೆತ್ತಿಗೇರಿತು. ಕಾಲೇಜಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ನನ್ನನ್ನು ಕಂಡ ಕೂಡಲೇ ಕೈ ತೋರಿಸಿ, "ಅಪ್ಪ ಅಮ್ಮಂದಿರು ಆ ಕಡೆ ಬಾಗಿಲಿಂದ ಹೋಗಬೇಕು" ಅಂದಳು.

"ನಾನು ಯಾರ ಅಮ್ಮನಾಗಿಯೂ ಬಂದಿಲ್ಲ, ಓದೋಕೆ ಬಂದಿದೀನಿ" ಅಂದೆ.

ಅವಳು ನನ್ನ ಗುರುತಿನ ಚೀಟಿ ಇಸಿದುಕೊಂಡು ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಹಿಂದೆ ನಿಂತಿದ್ದ ಹುಡುಗರು ನಕ್ಕರು. ಇಷ್ಟು ವರ್ಷ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ನಿಂತು ಕೃತಕ ಕಾಲು ಮಾಡಿದವಳು ನಾನು. ಮಕ್ಕಳ ಕಾಲು ಮಾಡುವುದನ್ನು ಸರಿಯಾಗಿ ಕಲಿಯಲೆಂದು ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಬಂದಿದ್ದೇನೆ. ಇಲ್ಲಿ ಬಾಗಿಲು ದಾಟುವುದಕ್ಕೇ ಜಗಳವಾಡಬೇಕಾಯಿತು.

ಯಾರ ಅಮ್ಮನಾಗಿಯೂ ಬಂದಿಲ್ಲ ಎಂದು ಬಾಯಿಂದ ಬಂದ ಮೇಲೆ ನೀನು ನೆನಪಾದೆ. ಬರೆ.

ನಿನ್ನ
ಅಮ್ಮ


ಸೆಪ್ಟೆಂಬರ್ 27

ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ.

ಎಂಟನೇ ತರಗತಿಯಲ್ಲಿ ಪತ್ರಲೇಖನ ಕಲಿಸಿದಾಗ, ಇದನ್ನೆಲ್ಲ ಯಾರಿಗೆ ಬರೆಯುತ್ತೇವೆ ಎಂದು ನಕ್ಕಿದ್ದೆವು. ಈಗ ಉಪಯೋಗಕ್ಕೆ ಬಂತು. ಮರ್ಯಾದೆ ಇಷ್ಟು ಸಾಕು.

ಫೋನ್ ಯಾಕೆ ಎತ್ತುವುದಿಲ್ಲ ಎಂದರೆ, ಅಪ್ಪ ಅದನ್ನು ಸ್ಪೀಕರಿಗೆ ಹಾಕುತ್ತಾರೆ. ಅಜ್ಜಿ ಮಂಚದ ಮೇಲಿಂದ ಕೂಗುತ್ತಾರೆ. ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಆಯ್ತು" ಅನ್ನಬೇಕು. ಅಪ್ಪ "ಎಲ್ಲಾ ಚೆನ್ನಾಗಿದೆ, ನೀನು ಓದು" ಅನ್ನುತ್ತಾರೆ. ಈ ನಾಟಕದಲ್ಲಿ ನನಗೆ ಪಾತ್ರ ಬೇಡ.

ಏನೂ ಚೆನ್ನಾಗಿಲ್ಲ. ನೀನು ಹೊರಡುವಾಗ ಅಪ್ಪ "ಎರಡು ವರ್ಷ ತಾನೇ, ನಾನು ನೋಡ್ಕೋತೀನಿ" ಅಂದಿದ್ದರಲ್ಲ, ನೋಡಿಕೊಳ್ಳುತ್ತಿದ್ದಾರೆ. ಸಿಂಕಿನಲ್ಲಿ ಪಾತ್ರೆ ರಾಶಿಯಾಗುವುದನ್ನು ನೋಡಿಕೊಳ್ಳುತ್ತಿದ್ದಾರೆ. ಅನ್ನ ಸೀದು ಹೋಗುವುದನ್ನು ನೋಡಿಕೊಳ್ಳುತ್ತಿದ್ದಾರೆ. ಆಮೇಲೆ ಕನ್ನಡಕದ ಅಂಗಡಿ ತೆಗೆಯಬೇಕು ಎಂದು ಓಡುತ್ತಾರೆ. ಅಲ್ಲಿ ಬಂದವರೆಲ್ಲ ಕಣ್ಣು ಪರೀಕ್ಷೆಗೆ ಮೊದಲು, "ಮನೆಯವರು ಇನ್ನೂ ಬಂದಿಲ್ವಾ?" ಎಂದು ಕೇಳುತ್ತಾರಂತೆ. ಮನೆಗೆ ಬಂದು ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಾರೆ.

ನನ್ನ ಕ್ಲಾಸಿನವರು ಬೇರೆ. "ಓದೋಕಾ? ನಿಮ್ಮಮ್ಮನಾ? ನಿಜವಾಗ್ಲೂ?" ಎಂದು ಒಬ್ಬೊಬ್ಬರೂ ಕೇಳಿದರು. ಆ "ನಿಜವಾಗ್ಲೂ" ಎನ್ನುವಾಗ ಅವರ ಮುಖ ನೀನು ನೋಡಬೇಕಿತ್ತು. ನೀನು ಓಡಿಹೋಗಿದ್ದೀಯ ಎಂದುಕೊಂಡಿದ್ದಾರೆ.

ನಾನು ಹನ್ನೆರಡನೇ ತರಗತಿಯಲ್ಲಿದ್ದೇನೆ. ಈ ವರ್ಷದ ಅಂಕವೇ ಮುಂದಿನದಕ್ಕೆಲ್ಲ ಬುಡ ಎಂದು ಹೇಳಿಹೇಳಿ ನನ್ನ ಕಿವಿ ತೂತು ಮಾಡಿದವಳು ನೀನು. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ವರ್ಷ ಕಾಯಲು ಏನು ಬಂದಿತ್ತು?

ಇಂತಿ ನಿಮ್ಮ ಆಜ್ಞಾಧಾರಕಳಾದ
ಮಗಳು


ಅಕ್ಟೋಬರ್ 14

ಚೂಟಿ,

ನಿನ್ನ ಮರ್ಯಾದೆ ತಲುಪಿತು. ನಿನ್ನ ನಾಲಗೆ ಅಜ್ಜಿಯದು, ಸಂಶಯವಿಲ್ಲ.

ಯಾಕೆ ಕಾಯಲಿಲ್ಲ ಎಂದು ಕೇಳಿದ್ದೀಯ. ಮದುವೆಯಾದ ಹೊಸತು ಎಂದು ಕಾದೆ. ನೀನು ಹಸುಗೂಸು ಎಂದು ಕಾದೆ. ನಿಮ್ಮಜ್ಜ ಹಾಸಿಗೆ ಹಿಡಿದಿದ್ದಾರೆ ಎಂದು ಕಾದೆ. ಅಂಗಡಿ ಹೊಸದು ಎಂದು ಕಾದೆ. ಈ ಕೋರ್ಸಿಗೆ ವಯಸ್ಸಿನ ಮಿತಿ ಇದೆ. ಮುಂದಿನ ವರ್ಷ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾಯುವುದಕ್ಕೂ ಒಂದು ಮಿತಿ ಬೇಡವೇ? ಇದನ್ನು ನಿನಗೆ ಹೊರಡುವ ಮುಂಚೆಯೂ ಹೇಳಿದ್ದೆ. ನೀನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ.

ಇಲ್ಲಿ ನಾನು ಸುಖದಲ್ಲಿ ತೇಲುತ್ತಿದ್ದೇನೆ ಎಂದುಕೊಂಡಿದ್ದರೆ ಕೇಳು. ನಾನು ಕಲಿತದ್ದು ಪ್ಲಾಸ್ಟರಿನಲ್ಲಿ. ಕತ್ತರಿಸಿ ಉಳಿದ ಕಾಲಿಗೆ ಒದ್ದೆ ಪಟ್ಟಿ ಸುತ್ತಿ, ಅಚ್ಚು ತೆಗೆದು, ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತರುವುದು. ಇಲ್ಲಿ ಯಂತ್ರ ಕಾಲನ್ನು ಓದಿಬಿಡುತ್ತದೆ, ಮಿಕ್ಕ ಕೆಲಸ ಕಂಪ್ಯೂಟರ್ ಪರದೆಯ ಮೇಲೆ. ಪಕ್ಕದ ಹುಡುಗರು ಹಾಡು ಕೇಳುತ್ತಾ ಮುಗಿಸುವ ಕೆಲಸಕ್ಕೆ ನನಗೆ ಇಡೀ ದಿನ ಹಿಡಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಪ್ರೊಫೆಸರ್ ಕರೆದು, "ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಅದನ್ನ ಬದಿಗಿಟ್ಟು ಕಲೀಬೇಕು, ಇಲ್ಲ ಅಂದ್ರೆ ಕಷ್ಟ" ಅಂದರು. ಅವರು ಹೇಳಿದ್ದು ಸರಿಯೇ. ಅದಕ್ಕೇ ಇನ್ನೂ ಸಿಟ್ಟು ಬಂತು.

ಅದಾದ ಮೇಲೆ ಒಂದು ಪುಟ್ಟ ಹುಡುಗಿಗೆ ಕಾಲು ಮಾಡಲು ಕೊಟ್ಟರು. ನಾನು ಪರದೆಯ ಮೇಲೆ ಮಾಡಿದ ಮೊದಲ ಕಾಲು. ತೊಡಿಸಿದ ಕೂಡಲೇ ಅವಳು "ಕಚ್ಚುತ್ತೆ, ಇದು ಕಚ್ಚುತ್ತೆ" ಎಂದು ಕಿರುಚಿ ಕಿತ್ತು ಬಿಸಾಡಿದಳು. ಅದು ಉರುಳಿಕೊಂಡು ಹೋಗಿ ಪ್ರೊಫೆಸರ್ ಬೂಟಿಗೆ ಬಡಿಯಿತು. ಆ ಮಗುವಿನ ಅಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಬೇಡ. ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ದುಃಖದ ಅಳುವಲ್ಲ, ಹಲ್ಲು ಕಚ್ಚಿಕೊಂಡು ಅಳುತ್ತಾರಲ್ಲ, ಅದು.

ನಾನು ಓಡಿಬಂದವಳಲ್ಲ ಎಂದು ನಿನ್ನ ಕ್ಲಾಸಿನವರಿಗೆ ಹೇಳು. ಓಡುವವರು ಇಂಥ ಕಡೆಗೆ ಓಡುವುದಿಲ್ಲ.

ನಿನ್ನ
ಅಮ್ಮ


ನವೆಂಬರ್ 3

ಅಮ್ಮ,

ನೀನು ಫೇಲಾದದ್ದು ಓದಿ ಜೋರಾಗಿ ನಕ್ಕೆ. ಆ ಮಗು ಕಾಲು ಬಿಸಾಡಿದ ಜಾಗಕ್ಕೆ ಬಂದಾಗ ನಗು ನಿಂತಿತು. ಎರಡನೇ ಸಲ ಮಾಡಿದ್ದು ಹಿಡಿಸಿತೇ ಎಂದು ನೀನು ಬರೆದಿಲ್ಲ. ಬರೆ.

ಭೌತಶಾಸ್ತ್ರದ ಟೆಸ್ಟಿನಲ್ಲಿ ಕ್ಲಾಸಿಗೇ ಮೊದಲಿಗಳಾದೆ. ಹೇಳಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ.

ಇನ್ನೊಂದು ವಿಷಯ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ. ಅಪ್ಪ ನಿನಗೆ "ಸ್ವಲ್ಪ ಉಳುಕಿದೆ" ಎಂದು ಹೇಳಿದರು, ನಾನು ಪಕ್ಕದಲ್ಲೇ ಇದ್ದೆ. ನೋಡಿಕೊಳ್ಳಲು ಒಬ್ಬ ನರ್ಸ್ ಬಂದಿದ್ದಳು. ಅಜ್ಜಿ ಮಲಗಿದ್ದರೆ ಇವಳು ಟಿವಿ ಹಾಕಿಕೊಂಡು ಕೂರುತ್ತಿದ್ದಳು. ಅಜ್ಜಿ ಬೈದು ಓಡಿಸಿದರು. ಈಗ ಬೆಳಗಿನ ಕೆಲಸವೆಲ್ಲ ನನ್ನದು. ಏಳಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಬಟ್ಟೆ ಬದಲಿಸುವುದು. ದಿನಾ ಮೊದಲನೇ ಕ್ಲಾಸು ತಪ್ಪುತ್ತಿದೆ. ಅಜ್ಜಿಯ ಮೇಲೆ ಸಿಟ್ಟಿಲ್ಲ. ಅವರಿಗೂ ನನ್ನ ಕೈಲಿ ಇದೆಲ್ಲ ಮಾಡಿಸಿಕೊಳ್ಳಲು ನಾಚಿಕೆ, ಅದಕ್ಕೆ ಮೂದಲಿಸುತ್ತಾರೆ.

ಒಂದು ಮಾತು ಕೇಳುತ್ತೇನೆ. ನಾನು ಕೇಳುವವಳಲ್ಲ, ನಿನಗೆ ಗೊತ್ತು. ಡಿಸೆಂಬರಿನಲ್ಲಿ ನಿನಗೆ ರಜೆ ಇದೆಯಲ್ಲ. ಬರುತ್ತೀಯಾ?

ಚೂಟಿ


ಡಿಸೆಂಬರ್ 6

ಚೂಟಿ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಪರೀಕ್ಷೆ ಇತ್ತು. ಅದಿರಲಿ.

ನಿನ್ನೆ ನಿಮ್ಮಪ್ಪ ಫೋನ್ ಮಾಡಿದ್ದರು. ನೀನು ಕಾಲೇಜು ಬಿಟ್ಟಿದ್ದೀಯಂತೆ. ಸೈನ್ಸು ತಲೆಗೆ ಹತ್ತುತ್ತಿಲ್ಲ, ಈ ವರ್ಷ ಪರೀಕ್ಷೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ನೀನೇ ಹೇಳಿದೆಯಂತೆ. "ಬಯ್ಯಬೇಡ, ಮೊದಲೇ ನೊಂದಿದ್ದಾಳೆ" ಎಂದು ಬೇರೆ ಅಂದರು. ನಾನು ಬಯ್ಯುತ್ತೇನೆ. ಸುಮ್ಮನಿರುವುದು ನನ್ನ ಕೈಲಾಗುವುದಿಲ್ಲ.

ತಲೆಗೆ ಹತ್ತುವುದಿಲ್ಲವೇ? ಟೆಸ್ಟಿನಲ್ಲಿ ಮೊದಲಿಗಳಾದೆ ಎಂದು ಬರೆದವಳು ಯಾರು? ಅಥವಾ ಅದೂ ಸುಳ್ಳೇ? ನನ್ನ ಮೇಲಿನ ಹಟಕ್ಕೆ ನಿನ್ನ ಬುಡಕ್ಕೆ ನೀನೇ ಕೊಡಲಿ ಹಾಕಿಕೊಂಡೆ. ಅಮ್ಮನ ಹೊಟ್ಟೆ ಉರಿಸಬೇಕಿತ್ತು, ಉರಿಸಿದೆ. ಸಂತೋಷವೇ? ಇಲ್ಲಿ ಮಕ್ಕಳ ವಯಸ್ಸಿನವರ ಪಕ್ಕ ಕೂತು, ಅವರ ಹತ್ತಿರ ನಗೆಪಾಟಲಾಗಿ ಒಂದೊಂದೇ ಅಕ್ಷರ ಕಲಿಯುತ್ತಿದ್ದೇನೆ. ನನಗೆ ಓದು ಸಿಗದ ವಯಸ್ಸಿನಲ್ಲಿ ನಿನಗೆ ಸಿಕ್ಕಿತ್ತು, ನೀನು ಅದನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲಿ ಬಿಟ್ಟು ಬಂದೆ.

ನಾನು ಫೋನ್ ಮಾಡಿದೆ, ನೀನು ಕಟ್ ಮಾಡಿದೆ. ಮತ್ತೆ ಮಾಡಿದೆ. ಮತ್ತೆ ಕಟ್ ಮಾಡಿದೆ. ಆಯಿತು. ನೀನು ದೊಡ್ಡವಳಾಗಿದ್ದೀಯ.

ಅಮ್ಮ


ಡಿಸೆಂಬರ್ 8

ಅಮ್ಮನಿಗೆ,

ಅಪ್ಪ ಹೇಳಿದರು. ನೀನು ಫೋನಿನಲ್ಲಿ ಹೇಳಿದೆಯಂತೆ: "ಅತ್ತೆಯವರನ್ನ ನೋಡ್ಕೊಳ್ಳೋಕೆ ಮನೇಲಿ ಯಾರಾದರೂ ಬೇಕು, ಅವಳು ಈ ವರ್ಷ ಬಿಡಲಿ, ಮುಂದಿನ ವರ್ಷ ಕಟ್ಟಲಿ." ನಂಬಬಾರದು ಎಂದುಕೊಂಡೆ. ಒಂದು ತಿಂಗಳಾಯಿತು, ಬರುತ್ತೀಯಾ ಎಂದು ಕೇಳಿ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಬರೆಯಲಿಲ್ಲ. ಆಮೇಲೆ ನಂಬಿದೆ.

ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿ ಒಂದು ವಾರವಾಯಿತು. ಪರೀಕ್ಷೆಗೆ ಕಟ್ಟುವ ಕೊನೆಯ ದಿನವೂ ಕಳೆಯಿತು. ಮೊನ್ನೆ ನಿನ್ನ ಫೋನ್ ಬಂದಾಗ ಅಜ್ಜಿಯ ಚಾದರ ಒಗೆಯುತ್ತಿದ್ದೆ. ಸೋಪಿನ ಕೈಯಲ್ಲೇ ಕಟ್ ಮಾಡಿದೆ.

ನಿನ್ನ ವಯಸ್ಸಿಗೆ ನೀನು ಓದಬಹುದು, ನನ್ನ ವಯಸ್ಸಿಗೆ ನಾನು ಓದಬಾರದು. ಇದ್ಯಾವ ನ್ಯಾಯ? ನೀನು ಹೊರಗೆ ಹೆಜ್ಜೆ ಇಡಬೇಕಾದರೆ ಒಳಗೆ ಯಾರನ್ನಾದರೂ ಕಟ್ಟಿಹಾಕಿಯೇ ಇಡಬೇಕೆ? ನಿನ್ನ ಕೈಯನ್ನೇ ಹಿಡಿದು ಅಕ್ಷರ ಕಲಿತೆನಲ್ಲ, ಅದಕ್ಕೆ ನನಗೆ ಹೇಸಿಗೆಯಾಗುತ್ತಿದೆ.

ಇನ್ನು ಬರೆಯಬೇಡ. ಬರೆದರೂ ಓದುವುದಿಲ್ಲ.

(ಸಹಿ ಇಲ್ಲ. ಯಾರೆಂದು ನಿನಗೇ ಗೊತ್ತು.)


ಡಿಸೆಂಬರ್ 22

ರೀ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಿದರೆ ನೀವು "ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಎನ್ನುತ್ತೀರಿ. ಕಾಗದಕ್ಕೆ ಗಿರಾಕಿಗಳ ಕಾಟವಿಲ್ಲ. ಕೂತುಕೊಂಡು ಓದಿ.

ಅವಳೇ ಬಿಟ್ಟಳು ಎಂದು ನನಗೆ ಹೇಳಿದಿರಿ. ನಾನೇ ಬಿಡಿಸಿದೆ ಎಂದು ಅವಳಿಗೆ ಹೇಳಿದಿರಿ. ನಾವಿಬ್ಬರೂ ಮಾತಾಡುವುದಿಲ್ಲ ಎಂಬ ಧೈರ್ಯ ನಿಮಗೆ. ಆ ಕೂಸು ನನಗೆ ಬರೆದಿರುವುದನ್ನು ಓದಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ. ಪಕ್ಕದ ಕೋಣೆಯ ಹುಡುಗಿ ಓಡಿ ಬಂದು ನೀರು ಕೊಟ್ಟಳು. ಅವಳಿಗೆ ಏನೆಂದು ಹೇಳಲಿ? ನನ್ನ ಗಂಡ ನನ್ನ ಹೆಸರಿನಲ್ಲಿ ನನ್ನ ಮಗಳ ಕುತ್ತಿಗೆ ಹಿಸುಕಿದ ಎಂದು ಹೇಳಲೇ?

"ನನ್ನ ಕೈಲಾಗ್ತಿಲ್ಲ ಕಣೇ" ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬೇರೆ ನರ್ಸ್ ಹುಡುಕಬಹುದಿತ್ತು. ಅಂಗಡಿಯನ್ನು ಸಂಜೆ ಮಾತ್ರ ತೆಗೆಯಬಹುದಿತ್ತು. ನಿಮ್ಮಮ್ಮನನ್ನು ನೀವೇ ಎಬ್ಬಿಸಿ ಕೂರಿಸಬಹುದಿತ್ತು. ಇಷ್ಟು ದಾರಿ ಬಿಟ್ಟು ಎಲ್ಲಕ್ಕಿಂತ ಸುಲಭದ್ದನ್ನು ಹಿಡಿದಿರಿ. ಊರಿಗೆಲ್ಲ ಕನ್ನಡಕ ಹಾಕಿಸುವವರ ಮನೆಯಲ್ಲಿ ಎದುರಿಗೆ ಕೂತ ಮಗಳು ಕಾಣಲಿಲ್ಲ.

ಈಗ ನೀವೇ ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋಗಬೇಕು. ಪ್ರಿನ್ಸಿಪಾಲರ ಮುಂದೆ ನಿಂತು, ಬಿಡಿಸಿದ್ದು ನಾನು ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಇಲ್ಲವಾದರೆ ನಾನು ಎಲ್ಲ ಬಿಟ್ಟು ಬರುತ್ತೇನೆ. ಬಿಟ್ಟು ಬಂದವಳ ಜೊತೆ ಸಂಸಾರ ಮಾಡುವುದು ಹೇಗಿರುತ್ತದೆ ಎಂದು ಆಮೇಲೆ ದಿನಾ ನೋಡುವಿರಂತೆ.

ಚೂಟಿಯ ಅಮ್ಮ


ಡಿಸೆಂಬರ್ 24

ಅಮ್ಮ,

ಓದುವುದಿಲ್ಲ ಎಂದಿದ್ದೆ. ನಿನ್ನ ಆರನೇ ತಾರೀಖಿನ ಕಾಗದ ಬಂತು, ಓದಿದೆ. ಮೂರು ಸಲ ಓದಿದೆ. ಆಮೇಲೆ ಅಜ್ಜಿಗೆ ಜೋರಾಗಿ ಓದಿ ಹೇಳಿದೆ.

ಅಜ್ಜಿ ಎದ್ದು ಕೂತರು. "ನಿಲ್ಲಿಸು. ನೀನು ಕಾಲೇಜು ಬಿಟ್ಟಿದೀಯಾ?" ಅಂದರು.

"ನಿಮ್ಮನ್ನ ನೋಡ್ಕೊಳ್ಳೋಕೆ ಅಲ್ವಾ ಅಜ್ಜಿ ಮನೇಲಿರೋದು?"

"ನಿನಗೆ ಪರೀಕ್ಷೆಗೆ ಓದ್ಕೊಳ್ಳೋಕೆ ರಜೆ ಕೊಟ್ಟಿದಾರೆ ಅಂದನಲ್ಲೇ ನಿಮ್ಮಪ್ಪ! ಆ ನರ್ಸ್ ಸರಿಯಿಲ್ಲ, ಬೇರೆಯವಳನ್ನ ಕರಿ ಅಂತ ಅವನಿಗೆ ಎಷ್ಟು ಸಲ ಹೇಳಿದೆ. ಮುರಿದಿರೋದು ನನ್ನ ಸೊಂಟ, ನಿನ್ನ ಕಾಲಿಗೇನಾಗಿದೆ ಧಾಡಿ? ನೀನ್ಯಾಕೆ ಕೂತೆ?"

ಮೂವರಿಗೆ ಮೂರು ಸುಳ್ಳು ಅಮ್ಮ. ಒಂದೇ ಮನೆಯಲ್ಲಿ.

ಅಪ್ಪ ಅಂಗಡಿಯಿಂದ ಬಂದಾಗ ಅಜ್ಜಿ ವಾಕರ್ ಹಿಡಿದು ಬಾಗಿಲ ತನಕ ತಾವೇ ನಡೆದು ಹೋಗಿ ನಿಂತಿದ್ದರು. ಡಾಕ್ಟರು ಎಷ್ಟು ಹೇಳಿದರೂ ನಡೆಯದವರು. ಅಪ್ಪನಿಗೆ ಅದನ್ನು ನೋಡಿ ಸಂತೋಷವಾಯಿತು, ಪಾಪ, "ಅಮ್ಮಾ, ನಡೀತಿದೀಯಾ!" ಅಂದರು. ಅಜ್ಜಿ ವಾಕರನ್ನು ನೆಲಕ್ಕೆ ಕುಕ್ಕಿ, "ನಿನ್ನನ್ನ ಓದಿಸೋಕೆ ನಾನು ಯಾರ ಓದನ್ನೂ ಕಿತ್ತುಕೊಳ್ಳಲಿಲ್ಲ ಕಣೋ" ಅಂದರು.

ಅಪ್ಪ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ನಾನೊಬ್ಬನೇ ಏನೇನು ಮಾಡ್ಲಿ" ಅಂದರು. ನಾನು ತಟ್ಟೆ ಎತ್ತಿ ಗೋಡೆಗೆ ಎಸೆದೆ. ಸ್ಟೀಲಿನ ತಟ್ಟೆ, ಒಡೆಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ಹೇಸಿಗೆ ಎಂದು ಬರೆದದ್ದನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ಮಿಕ್ಕಿದ್ದನ್ನು ಇನ್ನೂ ಯೋಚಿಸಿಲ್ಲ.

ಚೂಟಿ


ಜನವರಿ 9

ನಿನ್ನ ಕಾಗದ ಬಂತು. ಒಬ್ಬ ಗಿರಾಕಿಯನ್ನು ಹೊರಗೆ ಕಳಿಸಿ, ಅಂಗಡಿಯ ಬಾಗಿಲು ಎಳೆದುಕೊಂಡು ಓದಿದೆ.

ಸುಳ್ಳು ಹೇಳಿದ್ದು ಹೌದು. ನಾನಾಗಿ ಕೇಳಿದ್ದರೆ ಅವಳು ಒಲ್ಲೆ ಎನ್ನುತ್ತಿದ್ದಳು. ನಿನ್ನ ಹೆಸರು ಹೇಳಿದರೆ ಬೈದುಕೊಂಡಾದರೂ ಕೇಳುತ್ತಾಳೆ ಅನ್ನಿಸಿತು. ಕೇಳಿದಳು. ನನ್ನ ಮಾತಿಗೆ ಈ ಮನೆಯಲ್ಲಿ ಎಷ್ಟು ತೂಕ ಎಂದು ಅವತ್ತೇ ತಿಳಿಯಿತು.

ನೀನು ಹೋಗುತ್ತೇನೆ ಎಂದಾಗ ಹೂಂ ಅಂದೆ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಚೆನ್ನಾಗಿತ್ತು. ದೊಡ್ಡ ಮನಸ್ಸಿನವನು ಪಾತ್ರೆಯನ್ನೂ ತೊಳೆಯಬೇಕು ಎಂದು ಯಾರೂ ಹೇಳಿರಲಿಲ್ಲ. ಆಗುತ್ತಿಲ್ಲ ಎಂದು ನಿನಗೆ ಹೇಳಿದ್ದರೆ ನೀನು ಬಂದುಬಿಡುತ್ತಿದ್ದೆ, ಆಮೇಲೆ ಜೀವನವಿಡೀ ನಾನೇ ನಿನ್ನ ಓದು ಕೆಡಿಸಿದವನು. ನಿನ್ನದನ್ನು ಉಳಿಸಲು ಹೋಗಿ ಅವಳದ್ದನ್ನು ಕೆಡಿಸಿದೆ. ಲೆಕ್ಕ ಹಾಕಿ ಮಾಡಿದ್ದಲ್ಲ. ಒಂದು ದಿನ ಬಾಯಿಗೆ ಬಂತು, ಹೇಳಿದೆ, ಆಮೇಲೆ ಅದನ್ನು ಮುಚ್ಚಲು ಇನ್ನೆರಡು ಹೇಳಬೇಕಾಯಿತು.

ನೀನು ಬರೆದದ್ದರಲ್ಲಿ ಕುತ್ತಿಗೆ ಹಿಸುಕಿದ ಎಂಬ ಮಾತು ಹೆಚ್ಚಾಯಿತು. ನನಗೂ ಸಿಟ್ಟು ಬಂದಿದೆ, ಬರಬಾರದೇ? ಅಮ್ಮ ದಿನಾ ಬೈಯುತ್ತಾಳೆ. ಮಗಳು ತಟ್ಟೆ ಇಟ್ಟು ಹೋಗುತ್ತಾಳೆ, ಮಾತಿಲ್ಲ.

ಹೊಸ ನರ್ಸ್ ಬಂದಿದ್ದಾಳೆ. ಸೋಮವಾರ ಕಾಲೇಜಿಗೆ ಹೋಗುತ್ತೇವೆ.

ಇಂತಿ,
ಚೂಟಿಯ ಅಪ್ಪ


ಜನವರಿ 27

ಅಮ್ಮ,

ಪ್ರಿನ್ಸಿಪಾಲ್ ಮೇಡಂ ಬಹಳ ಹೊತ್ತು ಹೊರಗೆ ಕೂರಿಸಿದರು. ಒಳಗೆ ಹೋದಾಗ ಅಪ್ಪ, "ಮನೇಲಿ ಸ್ವಲ್ಪ ತೊಂದರೆ ಇತ್ತು ಮೇಡಂ, ಹಾಗಾಗಿ ಇವಳು..." ಎಂದು ಶುರು ಮಾಡಿದರು. ನಾನು ತಿರುಗಿ ಅವರನ್ನೇ ನೋಡಿದೆ. ಅವರು ಕುರ್ಚಿಯಿಂದ ಎದ್ದು ನಿಂತರು. ಶಾಲೆಯಲ್ಲಿ ಹುಡುಗರು ನಿಲ್ಲುತ್ತಾರಲ್ಲ, ಹಾಗೆ.

"ಇವಳು ಬಿಟ್ಟಿಲ್ಲ ಮೇಡಂ. ನಾನು ಬಿಡಿಸಿದೆ. ಇವಳಮ್ಮ ಹೇಳಿದಾಳೆ ಅಂತ ಸುಳ್ಳು ಹೇಳಿ ಬಿಡಿಸಿದೆ. ಇವಳದೇನೂ ತಪ್ಪಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ನೀವು ಈಗ ಬಂದು ಹೇಳಿದ್ರೆ ನಾನೇನು ಮಾಡ್ಲಿ? ಪರೀಕ್ಷೆಗೆ ಕಟ್ಟೋ ದಿನ ಮುಗಿದು ಎಷ್ಟು ಕಾಲ ಆಯ್ತು. ಹಾಜರಿ ಇಲ್ಲ. ಒಳ್ಳೆ ಹುಡುಗಿ ರೀ, ಮೊದಲೇ ಬರಬೇಕಿತ್ತು" ಅಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಬೇಜಾರಿನಿಂದ ಪರೀಕ್ಷೆ ಬರೆಯಲಾಗುವುದಿಲ್ಲ.

ಹೋಯಿತು ಅಮ್ಮ. ಜೂನ್‌ನಲ್ಲಿ ಮತ್ತೆ ಹನ್ನೆರಡನೇ ತರಗತಿಗೆ ಸೇರಬೇಕು, ಮೊದಲಿಂದ. ನನ್ನ ಜೊತೆಯವರೆಲ್ಲ ಮುಂದೆ ಹೋಗುತ್ತಾರೆ.

ಹೊರಗೆ ಅಪ್ಪ ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ ಇದ್ದರು. ಬೆವರು ಇಳಿಯುತ್ತಿತ್ತು. ಕೀ ಹಾಕಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿದೆ. ಆಮೇಲೆ "ಅಪ್ಪ, ಕೀ" ಅಂದೆ. ಇಷ್ಟು ದಿನಕ್ಕೆ ಅವರ ಜೊತೆ ಆಡಿದ ಮೊದಲ ಮಾತು. ಅವರು ಸ್ಕೂಟರ್ ಹಿಡಿದುಕೊಂಡೇ ಅತ್ತುಬಿಟ್ಟರು. ನನಗೆ ಕನಿಕರ ಬಂತು, ಸಿಟ್ಟು ಹೋಗಲಿಲ್ಲ. ಎರಡೂ ಒಟ್ಟಿಗೇ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

ನೀನು ಎಲ್ಲ ಬಿಟ್ಟು ಬರುತ್ತೇನೆ ಎಂದು ಅವರಿಗೆ ಬರೆದಿದ್ದೀಯಂತೆ. ಬರಬೇಡ. ನನ್ನ ಒಂದು ವರ್ಷ ಹೋಗಿದೆ. ಅದರ ಮೇಲೆ ನಿನ್ನದೂ ಹೋದರೆ, ಅದು ನನ್ನಿಂದ ಹೋಯಿತು ಎಂದು ಯಾರಾದರೂ ಒಬ್ಬರು ನನಗೆ ಹೇಳಿಯೇ ಹೇಳುತ್ತಾರೆ. ಆ ಹೊರೆ ನನಗೆ ಬೇಡ.

ಒಂದೇ ಒಂದನ್ನು ಹೇಳು. ಅಪ್ಪನ ಸುಳ್ಳು ಆಮೇಲಿನದು. ಅದಕ್ಕೆ ಮೊದಲು, ನವೆಂಬರಿನಲ್ಲಿ, ಬರುತ್ತೀಯಾ ಎಂದು ಕೇಳಿದ್ದೆ. ಪರೀಕ್ಷೆ ಇತ್ತು ಎನ್ನಬೇಡ. ಒಂದು ಸಾಲು ಬರೆಯಲು ಯಾವ ಪರೀಕ್ಷೆ ಅಡ್ಡ ಬರುತ್ತದೆ?

ಚೂಟಿ


ಫೆಬ್ರವರಿ 12

ಚೂಟಿ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ಪ್ರತಿ ಸಲವೂ ಒಂದೊಂದು ನೆಪ ಬರೆಯುತ್ತಿದ್ದೆ. ಟಿಕೆಟ್ಟು, ಪರೀಕ್ಷೆ, ಪ್ರೊಫೆಸರ್. ಎಲ್ಲವೂ ಅರ್ಧರ್ಧ ನಿಜ.

ಪೂರ್ತಿ ನಿಜ ಇದು. ನಿನ್ನ ಕಾಗದ ಬಂದ ದಿನವೇ ಉತ್ತರ ನನಗೆ ಗೊತ್ತಿತ್ತು. ಬರುವುದಿಲ್ಲ ಎಂದು. ಒಂದು ಸಲ ಬಂದರೆ ಮತ್ತೆ ಹೊರಡಲು ನೀವು ಬಿಡುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ನನ್ನ ಕಾಲೇ ಏಳುವುದಿಲ್ಲ ಎಂದು ಹೆದರಿದೆ. ಇಲ್ಲ ಎಂದು ನಿನಗೆ ಬರೆಯುವ ಧೈರ್ಯ ಬರಲಿಲ್ಲ. ಸುಮ್ಮನಾದೆ. ನಾನು ಖಾಲಿ ಬಿಟ್ಟ ಜಾಗದಲ್ಲಿ ನಿಮ್ಮಪ್ಪ ತಮಗೆ ಬೇಕಾದ್ದನ್ನು ಬರೆದುಕೊಂಡರು. ಅವರಿಗೆ ನಾನು ಬೈದ ಬೈಗುಳದಲ್ಲಿ ಒಂದು ಪಾಲು ನನ್ನದೂ ಹೌದು. ಅವರಿಗೂ ಇದನ್ನು ಬರೆದಿದ್ದೇನೆ. ಹಾಗೆಂದು ಅವರು ಮಾಡಿದ್ದು ಸಣ್ಣದಾಗುವುದಿಲ್ಲ.

ನಿನಗೋಸ್ಕರ ಬಂದೆ, ಮನೆಗೋಸ್ಕರ ಬಂದೆ ಎಂದು ನಿನಗೆ ಎಂದೂ ಹೇಳುವುದಿಲ್ಲ. ನನಗೆ ಬೇಕಿತ್ತು, ಬಂದೆ. ಇಲ್ಲೇ ಇದ್ದು ಮುಗಿಸುತ್ತೇನೆ. ಇದನ್ನು ಓದಿ ನಿನಗೆ ಸಿಟ್ಟು ಬಂದರೆ, ಆ ಸಿಟ್ಟು ಸರಿಯಾದ ವಿಳಾಸಕ್ಕೇ ಬಂದಿದೆ. ಕಳಿಸು.

ನಿನ್ನ
ಅಮ್ಮ


ಜೂನ್ 5

ಅಮ್ಮ,

ಕಳಿಸಬೇಕೆಂದೇ ಇದ್ದೆ. ನಿನ್ನ ಆ ಕಾಗದ ಓದಿದ ಮೇಲೆ ನಾಲ್ಕು ತಿಂಗಳು ಬರೆಯಲಿಲ್ಲ, ಅದೇ ಕಳಿಸಿದ್ದು ಎಂದುಕೋ. ನೀನು ಆ ಉತ್ತರವನ್ನು ನವೆಂಬರಿನಲ್ಲೇ ಬರೆದಿದ್ದರೆ ನಾನು ಮೂರು ದಿನ ಕಿರುಚಾಡಿ ಕಾಲೇಜಿಗೆ ಹೋಗುತ್ತಿದ್ದೆ. ಇದನ್ನು ನೀನು ಮರೆಯಬಾರದು.

ಇವತ್ತು ಹನ್ನೆರಡನೇ ತರಗತಿಯ ಮೊದಲ ದಿನ. ಎರಡನೇ ಸಲದ ಮೊದಲ ದಿನ. ಎಲ್ಲರೂ ನನಗಿಂತ ಚಿಕ್ಕವರು. ಬೆಂಚಿನಲ್ಲಿ ಪಕ್ಕದವಳು ಸರಿದು ಕೂತಳು, ಫೇಲಾಗುವುದು ಅಂಟುಜಾಡ್ಯವೋ ಎಂಬಂತೆ. ಭೌತಶಾಸ್ತ್ರಕ್ಕೆ ಹೊಸ ಮೇಷ್ಟ್ರು ಬಂದಿದ್ದಾರೆ. ಹಾಜರಿ ಕರೆಯುತ್ತಾ ನನ್ನ ಹತ್ತಿರ ನಿಲ್ಲಿಸಿದರು.

"ನಿನ್ನದು ಹಳೇ ನಂಬರು. ಫೇಲಾ?"

"ಇಲ್ಲ ಸರ್. ಪರೀಕ್ಷೆಗೆ ಕೂರಲಿಲ್ಲ."

"ಯಾಕೆ?"

ಇಡೀ ಕ್ಲಾಸು ತಿರುಗಿ ನೋಡಿತು. ಆರೋಗ್ಯ ಸರಿ ಇರಲಿಲ್ಲ ಎಂದು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಒಬ್ಬರಿಗೂ ಅಂಥ ಸುಳ್ಳು ಕಷ್ಟವಾಗುತ್ತಿರಲಿಲ್ಲ.

"ನಮ್ಮಮ್ಮ ಓದೋಕೆ ಹೋಗಿದ್ರು ಸರ್" ಅಂದೆ.

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ನಿಮ್ಮಮ್ಮ ಓದೋಕೆ ಹೋದ್ರೆ ನಿನ್ನ ಓದು ಯಾಕೆ ನಿಲ್ಲಬೇಕು? ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ ಸರ್" ಅಂದೆ. ಜೋರಾಗಿಯೇ ಅಂದೆ. "ನಾನೂ ಮನೇಲಿ ಅದನ್ನೇ ಕೇಳ್ತಾ ಇದೀನಿ."

ಯಾರೂ ನಗಲಿಲ್ಲ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಗೆ ಗುರುತು ಹಾಕಿ, "ಕೂತ್ಕೋ. ಪುಸ್ತಕ ತೆಗಿ" ಅಂದರು.

ಕೂತೆ. ತೆಗೆದೆ.

ನಿನ್ನ
ಚೂಟಿ